ಬರಕುಡ ಶಾಲೆಯ ನೋಣಯ್ಯ ಮಾಷ್ಟ್ರು

ನೋಣಯ್ಯ ಮಾಷ್ಟ್ರು ಮೀನುಗಳಿಗೆ ಅ ಆ ಇ ಈ ಕಲಿಸಿದರು ಎಂದು ಬೆಳ್ತಂಗಡಿಯ ಬಸ್ಸಿನಲ್ಲಿ ಜನ ಈಗಲೂ ಹೇಳಿಕೊಂಡು ನಗುತ್ತಾರೆ. ಹನ್ನೆರಡು ವರ್ಷ ಕಳೆದರೂ ಈ ಕತೆಗೆ ಮುಪ್ಪು ಬಂದಿಲ್ಲ. ಮೊನ್ನೆ ನನ್ನ ಪಕ್ಕದಲ್ಲಿ ಕೂತವನೊಬ್ಬ, ಮೀನುಗಳು ಕೊನೆಗೆ ಮಗ್ಗಿಯನ್ನೂ ಒಪ್ಪಿಸಿದವು ಎಂದು ತನ್ನದೊಂದು ಬಾಲ ಸೇರಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ಅದು ಶುದ್ಧ ಸುಳ್ಳು. ಮಾಷ್ಟ್ರು ಆ ಮೀನುಗಳಿಗೆ ಏನನ್ನೂ ಕಲಿಸಲಿಲ್ಲ, ಹಾಜರಿ ಮಾತ್ರ ತೆಗೆದರು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಮೀನುಗಳಿಗೆ ಅವರನ್ನು ಮಾಷ್ಟ್ರಾಗಿ ಕಳಿಸಿದವನೇ ನಾನು.

ನನ್ನ ಹೆಸರು ಮಹಾಲಿಂಗೇಶ್ವರ ಭಟ್ಟ. ಆಗ ಬಂಟ್ವಾಳದಲ್ಲಿ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ಹೇಳುವುದಿಲ್ಲ. ನನಗಿದ್ದದ್ದು ಎರಡು ಕೆಲಸ. ಮೇಲಿನಿಂದ ಬಂದ ಇಂಗ್ಲಿಷ್ ಕಾಗದಗಳ ಸಾರಾಂಶವನ್ನು ಕನ್ನಡದಲ್ಲಿ ಬರೆಯುವುದು ಒಂದು. ಕೆಳಗಿನಿಂದ ಬಂದ ಮಾಷ್ಟ್ರುಗಳ ವರದಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಶುದ್ಧ ಪ್ರತಿ ಮಾಡಿ, ಅಧಿಕಾರಿ ಕೇಶವಪ್ರಸಾದರ ಮೇಜಿನ ಮೇಲೆ ಇಡುವುದು ಇನ್ನೊಂದು. ಮನೆಯಲ್ಲಿ ತುಳು, ಶಾಲೆಯಲ್ಲಿ ಮಾತ್ರ ಕನ್ನಡ ಎಂಬವರ ವರದಿಗಳಲ್ಲಿ ದನ ಬರುತ್ತಾಳೆ, ಹೆಡ್ ಮಾಷ್ಟ್ರು ಹೋಗುತ್ತದೆ. ಅಂಥದ್ದನ್ನು ಹಿಡಿದು ತಿದ್ದುವುದರಲ್ಲಿ ನನಗೊಂದು ಸುಖವಿತ್ತು ಎಂಬುದನ್ನು ಈಗಲೇ ಒಪ್ಪಿಬಿಡುತ್ತೇನೆ.

ನೋಣಯ್ಯ ಮಾಷ್ಟ್ರು ಅಳದಂಗಡಿಯವರು. ತೆಳ್ಳಗಿನ, ಎತ್ತರದ ಮನುಷ್ಯ. ಸೆಕೆಗಾಲದಲ್ಲೂ ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕುತ್ತಿದ್ದರು. ಏಳು ವರ್ಷದಿಂದ ಅವರು ಹಂಗಾಮಿ. ಜೂನಿನಲ್ಲಿ ನೇಮಕ, ಏಪ್ರಿಲಿನಲ್ಲಿ ಬಿಡುಗಡೆ. ಅವರ ಹಿಂದೆ ಬಂದವರೆಲ್ಲ ಕಾಯಂ ಆದರು, ಅವರು ಮಾತ್ರ ಆಗಲಿಲ್ಲ. ಕಾರಣ ಇಷ್ಟೇ, ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ತಪಾಸಣೆಯ ದಿನ ಕೇಶವಪ್ರಸಾದರು, “ಮಕ್ಕಳಿಗೆ ಹತ್ತೊಂಬತ್ತರ ಮಗ್ಗಿ ಬರ್ತದ?” ಎಂದು ಕೇಳಿದರೆ, ಬೇರೆ ಮಾಷ್ಟ್ರುಗಳು ತಲೆಯಾಡಿಸಿ ಒಬ್ಬ ಚುರುಕು ಹುಡುಗನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ನೋಣಯ್ಯ ಮಾಷ್ಟ್ರು, “ಹದಿನೇಳರ ಮೇಲೆ ನನಗೇ ಸ್ವಲ್ಪ ಅನುಮಾನ ಸಾರ್” ಎಂದರು. ಸತ್ಯ ಹೇಳಿದವನಿಗೆ ಬಡ್ತಿ ಕೊಡಬೇಕೆಂಬ ನಿಯಮ ಸರಕಾರದ ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ.

ಇದರಿಂದ ಕಷ್ಟಕ್ಕೆ ಬಿದ್ದವಳು ವಾರಿಜಾಕ್ಷಿ. ಅದೇ ಊರಿನ ಜತ್ತಪ್ಪನವರ ಮಗಳು, ಎಂಟನೆಯ ತರಗತಿ ಓದಿದವಳು. ಅವಳಿಗೂ ಮಾಷ್ಟ್ರಿಗೂ ಮದುವೆ ಎಂದು ಎರಡೂ ಮನೆಯವರು ಒಪ್ಪಿ ನಾಲ್ಕು ವರ್ಷವಾಗಿತ್ತು. ಆದರೆ ಜತ್ತಪ್ಪನವರದು ಒಂದೇ ಹಟ. “ಕಾಯಂ ಆದ ತಿಂಗಳು ಧಾರೆ. ಏಪ್ರಿಲಿನಲ್ಲಿ ಬಿಡುಗಡೆ ಆಗುವ ಅಳಿಯ ನನಗೆ ಬೇಡ” ಎಂದು ಅವರು ಕಂಡಕಂಡಲ್ಲಿ ಹೇಳುತ್ತಿದ್ದರು.

ಹೀಗಿರುವಾಗ ಸಾವಿರದ ಒಂಬೈನೂರ ಐವತ್ತನಾಲ್ಕರ ಸೆಪ್ಟೆಂಬರಿನಲ್ಲಿ ಆ ಕಾಗದ ಬಂತು. ಆಗ ಅರಬ್ಬಿ ಕಡಲಿನ ಅಮಿನಿ ದ್ವೀಪ ನಮ್ಮ ಜಿಲ್ಲೆಗೇ ಸೇರಿತ್ತು. ಅಲ್ಲಿಗೆ ಹೋಗಿ ಮೀನುಗಳನ್ನು ಅಭ್ಯಾಸ ಮಾಡಿದ ಯಾರೋ ಒಬ್ಬರು ಇಂಗ್ಲಿಷಿನಲ್ಲಿ ಬರೆದದ್ದು. ಮೇಜಿನಿಂದ ಮೇಜಿಗೆ ದಾಟಿ ಅದು ನಮ್ಮಲ್ಲಿಗೆ ಬಂದದ್ದು ಅದರಲ್ಲಿ ಸ್ಕೂಲ್ ಎಂಬ ಶಬ್ದ ಇತ್ತು ಎಂಬ ಕಾರಣಕ್ಕೆ. ಇಂಗ್ಲಿಷಿನವರು ಮೀನಿನ ಹಿಂಡಿಗೂ ಸ್ಕೂಲ್ ಎನ್ನುತ್ತಾರೆ, ಬರಕುಡ ಎಂಬುದು ಒಂದು ಜಾತಿಯ ಮೀನು, ಈ ಎರಡು ಸಂಗತಿಗಳನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ನಮ್ಮೂರಿನ ಮೀನೇ ನನಗೆ ಗುರುತಿಲ್ಲ, ಇನ್ನು ಇಂಗ್ಲಿಷ್ ಮೀನಿನ ಮಾತೇನು. ನಾನು ಸಾರಾಂಶ ಬರೆದೆ: “ಅಮಿನಿ ದ್ವೀಪದ ಉತ್ತರ ತುದಿಯಲ್ಲಿ ಬರಕುಡ ಶಾಲೆ ಇರುತ್ತದೆ. ಸಂಖ್ಯೆ ಸುಮಾರು ಮುನ್ನೂರು. ವರ್ಷವಿಡೀ ನಡೆಯುತ್ತದೆ. ದಾಖಲೆ ಇಟ್ಟಿಲ್ಲ. ನೋಡಿಕೊಳ್ಳಲು ಒಬ್ಬರನ್ನು ಕಳಿಸುವುದು ಒಳ್ಳೆಯದು.”

ಕೇಶವಪ್ರಸಾದರು ಎರಡು ಸಲ ಓದಿದರು.

“ಈ ಬರಕುಡ ಎಲ್ಲಿ ಬರ್ತದೆ ಭಟ್ರೇ?”

“ದ್ವೀಪದಲ್ಲಿ ಸಾರ್. ನಮ್ಮ ಕೊಕ್ಕಡದ ಹಾಗೆ ಒಂದು ಊರು.”

ನಗುವವರು ನಗಲಿ. ಬೆಳ್ತಂಗಡಿಯ ಕಡೆ ಕೊಕ್ಕಡ ಇರಬಹುದಾದರೆ ಕಡಲಿನ ನಡುವೆ ಬರಕುಡ ಏಕೆ ಇರಬಾರದು ಎಂದು ನಾನು ಇವತ್ತಿಗೂ ಕೇಳುತ್ತೇನೆ. ಕೇಶವಪ್ರಸಾದರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಮುನ್ನೂರು ಮಕ್ಕಳು, ಮಾಷ್ಟ್ರಿಲ್ಲ, ರಿಜಿಸ್ಟರಿಲ್ಲ ಎಂದು ಅವರು ಹಣೆ ಒತ್ತಿಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂಬುದು ಗಾದೆಯಾದರೂ ನಮ್ಮ ಕಚೇರಿಯಲ್ಲಿ ಕೆಲಸ ನಡೆಯುತ್ತಿದ್ದ ಕ್ರಮವೇ ಅದು. ಎರಡು ವರ್ಷ ಅಲ್ಲಿದ್ದು, ತಿಂಗಳಿಗೊಂದರಂತೆ ಇಪ್ಪತ್ತನಾಲ್ಕು ವರದಿ ಕಳಿಸಿದವರನ್ನು ಕಾಯಂ ಮಾಡಲಾಗುವುದು ಎಂದು ಆದೇಶ ಹೊರಟಿತು. ಕಡಲು ದಾಟಲು ಯಾರೂ ಮುಂದೆ ಬರಲಿಲ್ಲ. ನೋಣಯ್ಯ ಮಾಷ್ಟ್ರು ಮರುದಿನವೇ ಬಂದು ನಿಂತರು.

ಜತ್ತಪ್ಪನವರು, “ಎರಡು ವರ್ಷ ಕಾಯ್ತೇನೆ. ಮತ್ತೆ ಒಂದು ದಿನ ಜಾಸ್ತಿ ಕಾಯುದಿಲ್ಲ” ಎಂದರಂತೆ.

ಮಾಷ್ಟ್ರು ಮಂಗಳೂರಿನ ಬಂದರಿನಲ್ಲಿ ಮಂಜಿ ಎಂಬ ಹಾಯಿ ಹಡಗು ಹತ್ತಿದರು. ಕೈಯಲ್ಲಿ ಒಂದು ಕಂಚಿನ ಗಂಟೆ, ಸೀಮೆಸುಣ್ಣದ ಪೆಟ್ಟಿಗೆ, ನಲವತ್ತು ಸ್ಲೇಟು, ಉದ್ದದ ಹಾಜರಿ ಪುಸ್ತಕ. ಮಂಜಿ ಪಾಣೆಮಂಗಳೂರಿನ ಇಬ್ರಾಹಿಂ ಖಲೀಲ್ ಸಾಹೇಬರದ್ದು. ಅವರು ದ್ವೀಪಕ್ಕೆ ಅಕ್ಕಿ, ಬೆಲ್ಲ ಕೊಂಡುಹೋಗಿ ಕೊಬ್ಬರಿ, ಹಗ್ಗ ತರುವವರು. ಮುಂದಿನದನ್ನು ಅವರೇ ನನಗೆ ಹೇಳಿದ್ದು. ದ್ವೀಪದಲ್ಲಿ ಇಳಿದ ಮಾಷ್ಟ್ರು ಸಿಕ್ಕವರನ್ನೆಲ್ಲ ಬರಕುಡಕ್ಕೆ ದಾರಿ ಎಲ್ಲಿ ಎಂದು ಕೇಳಿದರು. ದ್ವೀಪದ ಮಕ್ಕಳು ಓದಲು ಅಲ್ಲೊಂದು ಶಾಲೆ ಇತ್ತು, ಅದಕ್ಕೆ ಮಾಷ್ಟ್ರೂ ಇದ್ದರು, ಆದರೆ ಅದು ಬರಕುಡ ಅಲ್ಲ. ಮೂರನೆಯ ದಿನ ಖಲೀಲ್ ಸಾಹೇಬರಿಗೆ ವಿಷಯ ತಿಳಿಯಿತು.

“ಮಾಷ್ಟ್ರೇ, ಹೋದ ವರ್ಷ ಒಬ್ರು ಮೀನು ನೋಡುವ ಆಫೀಸರು ನನ್ನ ಮಂಜಿಯಲ್ಲೇ ಬಂದದ್ದು. ಬಂಡೆಯ ಹತ್ರ ನೀರು ನೋಡಿ ಬರಕುಡ ಬರಕುಡ ಅಂತಿದ್ರು. ಬನ್ನಿ, ಹೋಗಿ ನೋಡುವ.”

ಇಬ್ಬರೂ ಸಣ್ಣ ದೋಣಿಯಲ್ಲಿ ಹೋದರು. ದ್ವೀಪದ ಸುತ್ತ ಹವಳದ ಬಂಡೆಯ ಗೋಡೆಯೊಂದಿದೆ. ಅದರ ಅಂಚಿನಲ್ಲಿ ತಳ ಒಮ್ಮೆಲೇ ಇಳಿದು ನೀರು ಕಡುನೀಲಿಯಾಗುತ್ತದೆ. ಅಲ್ಲಿ, ಮೂರಾಳು ಆಳದಲ್ಲಿ, ಕೈಯುದ್ದದ ಬೆಳ್ಳಿ ಬಣ್ಣದ ಮೀನುಗಳು, ಮೈಮೇಲೆ ಕಪ್ಪು ಅಡ್ಡಪಟ್ಟೆ, ಮುಂದಕ್ಕೆ ಚಾಚಿದ ಕೆಳದವಡೆ, ನೂರಾರು ಒಟ್ಟಾಗಿ ಗಾಣದ ಎತ್ತಿನ ಹಾಗೆ ಒಂದೇ ಕಡೆ ಸುತ್ತುತ್ತಿದ್ದವು. ಒಂದು ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಯಾವುದೂ ಹಿಂದೆ ಬೀಳುತ್ತಿರಲಿಲ್ಲ.

ಖಲೀಲ್ ಸಾಹೇಬರು, “ಮುನ್ನೂರು ಅಂತಲ್ವ ಬರೆದದ್ದು? ಎಣಿಸಿ ನೋಡಿ” ಎಂದರು.

ಮಾಷ್ಟ್ರು ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು ನಿಜವಾಗಿಯೂ ಎಣಿಸತೊಡಗಿದರಂತೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಂದು ಬಣ್ಣದ ಕತೆ ಹೆಣೆದು ಎರಡು ವರ್ಷ ದ್ವೀಪದ ಎಳನೀರು ಕುಡಿದು ಬರುತ್ತಿದ್ದರು. ಇವರು ಮೊದಲನೆಯ ವರದಿಯಲ್ಲೇ ಸ್ಪಷ್ಟವಾಗಿ ಬರೆದರು: “ಸದರಿ ಶಾಲೆಯು ಮೀನಿನದ್ದಾಗಿರುತ್ತದೆ. ಮುಂದೆ ಏನು ಮಾಡಬೇಕೆಂದು ಅಪ್ಪಣೆಯಾಗಬೇಕು.” ಕಾಯಂ ಹೋಯಿತು, ವಾರಿಜಾಕ್ಷಿಯೂ ಹೋದಳು ಎಂದೇ ಎಣಿಸಿ ಅದನ್ನು ಮಂಜಿಗೆ ಕೊಟ್ಟು ಕಳಿಸಿದರು.

ಆ ವರದಿ ನನ್ನ ಕೈಗೆ ಬಂತು. ತುಳುವರ ಕನ್ನಡ, ಪಾಪ, ಎಂದುಕೊಂಡು ನಾನು ಕೆಂಪು ಶಾಯಿಯ ಪೆನ್ನು ತೆಗೆದೆ. ‘ಮೀನಿನದ್ದು’ ಎಂಬುದನ್ನು ‘ಮೀನಿನವರದ್ದು’ ಎಂದು ತಿದ್ದಿದೆ. ಮೀನು ಹಿಡಿಯುವವರ ಮಕ್ಕಳ ಶಾಲೆ, ಸರಿಯಲ್ಲವೆ? ಶುದ್ಧ ಪ್ರತಿ ಓದಿದ ಕೇಶವಪ್ರಸಾದರಿಗೆ ಸ್ವಲ್ಪ ಕೋಪವೇ ಬಂತು. “ಯಾರದ್ದಾದರೂ ಶಾಲೆ ಶಾಲೆಯೇ. ಭೇದ ಮಾಡದೆ ಮುಂದುವರಿಯತಕ್ಕದ್ದು” ಎಂದು ಉತ್ತರ ಬರೆಸಿದರು. ನೋಣಯ್ಯ ಮಾಷ್ಟ್ರಿಗೆ ಅಪ್ಪಣೆ ಎಂದರೆ ಅಪ್ಪಣೆ. ಅವರು ಮುಂದುವರಿದರು.

ಇನ್ನು ಆ ವರದಿಗಳ ಮಾತು. ಅಚ್ಚಾದ ನಮೂನೆಯ ಪ್ರತಿಯೊಂದು ಕಲಮಿಗೂ ಮಾಷ್ಟ್ರು ತಾವು ಕಂಡದ್ದನ್ನು ಕಂಡ ಹಾಗೆ ತುಂಬಿಸಿದರು. ಕಟ್ಟಡ: ಹವಳದ ಬಂಡೆ, ಮೇಲೆ ಹಂಚಿನ ಮಾಡು ಇಲ್ಲ. ಕುಡಿಯುವ ನೀರು: ಇಲ್ಲ. ಇತರ ನೀರು: ಧಾರಾಳ. ಜಾತಿ: ಎಲ್ಲ ಒಂದೇ. ಉಡುಪು: ಬೆಳ್ಳಿ ಬಣ್ಣ, ಕಪ್ಪು ಪಟ್ಟೆ. ಹಾಜರಿ: ಸುಮಾರು ಮುನ್ನೂರು, ನಿಲ್ಲದೆ ಸುತ್ತುವುದರಿಂದ ಸರಿಯಾಗಿ ಎಣಿಸಲಾಗಲಿಲ್ಲ. ಶಿಸ್ತು: ಉತ್ತಮ, ಬೆತ್ತ ಬೇಕಾಗಲಿಲ್ಲ. ಅವಗುಣ: ಹೊಳೆಯುವ ವಸ್ತು ಕಂಡರೆ ಕಚ್ಚುತ್ತವೆ, ನೀರಿಗಿಳಿಸಿದ ಗಂಟೆಗೆ ಹಲ್ಲಿನ ಗುರುತು ಬಿದ್ದಿದೆ. ನಾನು ಪ್ರತಿಯೊಂದು ‘ಸುತ್ತುತ್ತವೆ’ಯನ್ನೂ ‘ಸುತ್ತುತ್ತಾರೆ’ ಎಂದು ತಿದ್ದಿದೆ. ‘ಕಚ್ಚುತ್ತವೆ’ ‘ಕಚ್ಚುತ್ತಾರೆ’ ಆಯಿತು. ಒಂದು ತಿಂಗಳು ‘ಎರಡನ್ನು ತಾಟೆ ಕೊಂಡುಹೋಯಿತು’ ಎಂದಿತ್ತು. ತಾಟೆ ಎಂದರೆ ಶಾರ್ಕು ಮೀನು ಎಂಬುದು ಕರಾವಳಿಯಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತು. ನಾನದನ್ನು ‘ಇಬ್ಬರನ್ನು ತಾತ ಕೊಂಡುಹೋದರು’ ಎಂದು ಮಾಡಿದೆ. ಈ ಅಜ್ಜಂದಿರಿಂದಲೇ ಮಕ್ಕಳ ಓದು ಹಾಳಾಗುವುದು ಎಂದು ಕೇಶವಪ್ರಸಾದರು ನಿಟ್ಟುಸಿರು ಬಿಟ್ಟರು.

ಆದರೆ ಒಂದು ಮಾತು. ನಗುವುದಕ್ಕಿದ್ದರೂ ಆ ವರದಿಗಳಲ್ಲಿ ಓದಿದವರು ಮರೆಯದಂಥ ಪುಟಗಳಿದ್ದವು. ಮಳೆಗಾಲದಲ್ಲಿ ಮಂಜಿ ನಿಂತು ನಾಲ್ಕು ತಿಂಗಳ ವರದಿ ಒಟ್ಟಿಗೆ ಬಂದಾಗ ನಾನು ಊಟ ಬಿಟ್ಟು ಓದಿದ್ದೆ. ಹಗಲಿಡೀ ಒಂದೇ ಜಾಗದಲ್ಲಿ ಶಾಲೆ ಸೇರುತ್ತದೆ, ಸಂಜೆ ಬೆಳಕು ಇಳಿದ ಕೂಡಲೇ ಚೆದುರಿ ಹೊಟ್ಟೆಪಾಡಿಗೆ ಹೋಗುತ್ತದೆ, ಬೆಳಗಾದರೆ ಮತ್ತೆ ಅಲ್ಲೇ ಎಂದು ಬರೆದಿದ್ದರು. ತುಂಬ ದೊಡ್ಡದಾದವು ಶಾಲೆ ಬಿಟ್ಟು ಒಂಟಿಯಾಗಿ ತಿರುಗುತ್ತವೆಯಂತೆ. ಇನ್ನೊಂದು ಕಡೆ ಹೀಗಿತ್ತು: “ಇದಕ್ಕೆ ಮುಂದಾಳು ಇಲ್ಲ. ಈಗ ಮುಂದಿದ್ದದ್ದು ಸ್ವಲ್ಪ ಹೊತ್ತಿಗೆ ಹಿಂದೆ ಇರುತ್ತದೆ. ಪ್ರತಿಯೊಂದೂ ಪಕ್ಕದ್ದನ್ನು ಮಾತ್ರ ನೋಡುತ್ತದೆ. ಪಕ್ಕದ್ದು ತಿರುಗಿದರೆ ತಾನೂ ತಿರುಗುತ್ತದೆ. ತಾಟೆ ಬಂದಾಗ ಓಡುವುದಿಲ್ಲ, ಇನ್ನೂ ಹತ್ತಿರವಾಗುತ್ತವೆ.” ಅಲ್ಲಿಯೂ ನಾನು ಲಿಂಗ ತಿದ್ದಿದೆ ಎಂಬುದು ಬೇರೆ ಮಾತು.

ಕೇಶವಪ್ರಸಾದರಿಗೆ ಬರಕುಡದ ಹುಚ್ಚು ಹಿಡಿಯಿತು. ಪ್ರತಿ ಶುಕ್ರವಾರ ಮಕ್ಕಳು ಬರಕುಡ ಕ್ರಮದಲ್ಲಿ, ಮುಂದಾಳಿಲ್ಲದೆ, ಮಾತಿಲ್ಲದೆ, ಪಕ್ಕದವರನ್ನು ನೋಡುತ್ತ ಅಂಗಳ ಸುತ್ತತಕ್ಕದ್ದು ಎಂದು ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಎಲ್ಲ ಶಾಲೆಗಳಿಗೂ ಸುತ್ತೋಲೆ ಹೋಯಿತು. ಸುತ್ತುವುದಕ್ಕೆಂದೇ ಹೊರಟ ಸುತ್ತೋಲೆ ಅದೊಂದೇ ಇರಬೇಕು. ಒಂದು ಶಾಲೆಯಲ್ಲಿ ಬೀದಿಯಲ್ಲಿ ಮಿಠಾಯಿಯವನು ಹೋಗುವುದು ಕಂಡು ಒಬ್ಬ ಹುಡುಗ ತಿರುಗಿದ. ಪಕ್ಕದವನು ತಿರುಗಿದ. ನೂರಾನಲವತ್ತು ಮಕ್ಕಳೂ ಸುತ್ತೋಲೆಯ ಪ್ರಕಾರವೇ ಗೇಟು ದಾಟಿ ಪೇಟೆಗೆ ಹೋದರು. ಮುಂದಾಳು ಇಲ್ಲದ ಕಾರಣ ಯಾರಿಗೂ ಶಿಕ್ಷೆ ಕೊಡಲಾಗಲಿಲ್ಲ ಎಂದು ಆ ಹೆಡ್ ಮಾಷ್ಟ್ರು ಬರೆದರು.

ಐವತ್ತಾರರ ಮೇ ತಿಂಗಳಲ್ಲಿ ಕೇಶವಪ್ರಸಾದರು ಶಿಸ್ತಿನ ಫಲಕ ಎಂದು ಒಂದನ್ನು ಮಾಡಿಸಿದರು, ಬೀಟೆ ಮರದ್ದು, ಹಿತ್ತಾಳೆಯ ಅಕ್ಷರದ್ದು. ಅದು ಬರಕುಡ ಶಾಲೆಗೆ. ಅಕ್ಟೋಬರಿನಲ್ಲಿ ಮೂಡಬಿದ್ರೆಯ ಒಂದು ಶಾಲೆಯ ಸಭೆಯಲ್ಲಿ ಪ್ರದಾನ, ಅಂದೇ ಮಾಷ್ಟ್ರಿಗೆ ಕಾಯಂ ಆದೇಶ, ಉತ್ತಮರಾದ ಇಬ್ಬರು ವಿದ್ಯಾರ್ಥಿಗಳನ್ನು ಕರೆತರತಕ್ಕದ್ದು ಎಂದು ಆ ಋತುವಿನ ಕೊನೆಯ ಮಂಜಿಯಲ್ಲಿ ಕಾಗದ ಹೋಯಿತು.

ಉತ್ತರ ಬಂದದ್ದು ಮಳೆ ಮುಗಿದ ಮೇಲೆ, ಸಭೆಗೆ ಮೂರು ದಿನ ಇರುವಾಗ. ಖಲೀಲ್ ಸಾಹೇಬರೇ ಕಚೇರಿಗೆ ಬಂದು ಕೊಟ್ಟರು. ನಾನು ಕೆಂಪು ಪೆನ್ನು ಹಿಡಿದು ಓದತೊಡಗಿದೆ. “ಎರಡನ್ನು ತರಬಹುದು. ಆದರೆ ದಾರಿಯಲ್ಲಿ ಹಾಳಾಗುವುದರಿಂದ ಉಪ್ಪು ಹಾಕಿ ಒಣಗಿಸಿ ತರಬೇಕಾಗುತ್ತದೆ.”

ಮೂರು ಸಲ ಓದಿದೆ. ಏನು ತಿದ್ದಿದರೂ ‘ಒಣಗಿಸಿ’ ಎಂಬುದು ಮಕ್ಕಳಿಗೆ ಹೊಂದಲಿಲ್ಲ.

“ಸಾಹೇಬ್ರೇ, ಈ ಬರಕುಡ ಅಂದರೆ ಎಂತ?”

“ಮೀನಲ್ವ ಭಟ್ರೇ” ಎಂದರು ಅವರು. “ನೀವೇ ಅಲ್ವ ಮಾಷ್ಟ್ರನ್ನು ಕಳಿಸಿದ್ದು? ನಿಮಗೆ ಎಲ್ಲ ಗೊತ್ತುಂಟು ಅಂತ ನಾನು ಎಣಿಸಿದ್ದು, ಸರಕಾರಕ್ಕೆ ಮೀನಿನ ಲೆಕ್ಕ ಬೇಕೇನೋ ಅಂತ. ಮಾಷ್ಟ್ರು ನನ್ನೊಟ್ಟಿಗೇ ಬಂದು ಊರಿಗೆ ಹೋಗಿದ್ದಾರೆ. ಎರಡನ್ನೂ ತಂದಿದ್ದಾರೆ.”

ಕಪಾಟಿನಿಂದ ಎರಡು ವರ್ಷದ ಮೂಲ ವರದಿಗಳನ್ನು ತೆಗೆದು ನೋಡಿದೆ. ಅವರು ಒಂದಕ್ಷರ ಸುಳ್ಳು ಬರೆದಿರಲಿಲ್ಲ. ಸುಳ್ಳೆಲ್ಲ ಕೆಂಪು ಶಾಯಿಯಲ್ಲೇ ಇತ್ತು. ಕೇಶವಪ್ರಸಾದರಿಗೆ ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕೆಲಸ ಹೋದರೆ ಎಂಬ ಹೆದರಿಕೆ. ಸಭೆಯ ದಿನ ಬಸ್ ನಿಲ್ದಾಣದಲ್ಲೇ ಮಾಷ್ಟ್ರನ್ನು ಹಿಡಿದು ಆ ಎರಡನ್ನು ಎಲ್ಲಾದರೂ ಅಡಗಿಸುವ ಎಂದುಕೊಂಡೆ.

ನಾನು ಕಾದದ್ದು ಒಂದು ಬಸ್ಸನ್ನು, ಅವರು ಬಂದದ್ದು ಅದಕ್ಕಿಂತ ಮುಂಚಿನ ಬಸ್ಸಿನಲ್ಲಿ. ಓಡುತ್ತ ಸಭೆಗೆ ಹೋದಾಗ ಮಾಷ್ಟ್ರು ಆಗಲೇ ವೇದಿಕೆಯ ಪಕ್ಕದಲ್ಲಿದ್ದರು, ಬಿಸಿಲಿಗೆ ಕಪ್ಪಾಗಿ, ಅದೇ ಗುಂಡಿ ಹಾಕಿದ ಅಂಗಿಯಲ್ಲಿ. ಕಂಕುಳಲ್ಲಿ ತೆಂಗಿನ ಗರಿಯಲ್ಲಿ ಸುತ್ತಿದ ಉದ್ದದ ಕಟ್ಟು. ಮೂರನೆಯ ಸಾಲಿನಲ್ಲಿ ಜತ್ತಪ್ಪನವರು ಜರಿ ಶಾಲು ಹೊದ್ದು ಕೂತಿದ್ದರು, ಹಿಂದೆ ಹೆಂಗಸರ ಕಡೆ ವಾರಿಜಾಕ್ಷಿ. ಆ ಶಾಲೆಯ ಆಡಳಿತ ನಡೆಸುವವರು ಈರುಳ್ಳಿಯನ್ನೂ ಮನೆಯೊಳಗೆ ಬಿಡದ ಜೈನ ಹಿರಿಯರು. ಬರಕುಡದ ವಿದ್ಯಾರ್ಥಿಗಳಿಗೆಂದು ಎರಡು ಕುರ್ಚಿಗೆ ಬಿಳಿ ಬಟ್ಟೆ ಹಾಸಿ ಇಡಿಸಿದ್ದರು.

ಕೇಶವಪ್ರಸಾದರು ಭಾಷಣ ಮುಗಿಸಿ, “ಎಲ್ಲಿ, ನಿಮ್ಮ ಇಬ್ಬರು ಎಲ್ಲಿ?” ಎಂದು ಕೇಳಿದರು.

“ಇಲ್ಲಿ ಉಂಟು ಸಾರ್” ಎಂದು ಮಾಷ್ಟ್ರು ಕಟ್ಟು ಬಿಚ್ಚಿದರು. ಬಿಳಿ ಬಟ್ಟೆಯ ಮೇಲೆ ಕುರ್ಚಿಗೊಂದರಂತೆ ಇಟ್ಟರು. ಕೈಯುದ್ದದ್ದು, ಒಣಗಿ ಬಿಗಿದದ್ದು, ಹಲ್ಲು ಹೊರಗೆ. “ಉತ್ತಮವಾದದ್ದು ಅಂತ ಆರಿಸ್ಲಿಕ್ಕೆ ಆಗ್ಲಿಲ್ಲ ಸಾರ್. ಎಲ್ಲ ಒಂದೇ ಹಾಗೆ ಉಂಟು. ಬಲೆಗೆ ಬಿದ್ದದ್ದನ್ನು ತಂದೆ.”

ವಾಸನೆ ಸಾಲಿನಿಂದ ಸಾಲಿಗೆ ಹೋದದ್ದು ಮೂಗುಗಳಿಂದಲೇ ತಿಳಿಯುತ್ತಿತ್ತು. ಮೊದಲು ಮಾತಾಡಿದವರು ಆ ಜೈನ ಹಿರಿಯರು. ಶಾಲಿನ ತುದಿಯನ್ನು ಮೂಗಿಗೆ ಹಿಡಿದು, ನಿಧಾನವಾಗಿ, ಬಹಳ ಮರ್ಯಾದೆಯಿಂದ, “ಈ ಇಬ್ಬರಿಗೆ ಹೊರಗೆ ಆಸನದ ವ್ಯವಸ್ಥೆ ಮಾಡುವ” ಎಂದರು.

ಕೇಶವಪ್ರಸಾದರು ನಮ್ಮಿಬ್ಬರನ್ನೂ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅವರ ಕಿವಿ ಕೆಂಪಾಗಿತ್ತು.

“ಇದು ಮೀನು.”

“ಹೌದು ಸಾರ್. ಮೊದಲನೇ ತಿಂಗಳೇ ಬರೆದಿದ್ದೆ.”

“ನೀವು ಬರೆದದ್ದು ಮೀನಿನವರದ್ದು ಅಂತ. ಸುತ್ತುತ್ತಾರೆ ಅಂತ. ತಾತ ಬಂದು ಕೊಂಡುಹೋದರು ಅಂತ.”

ಮಾಷ್ಟ್ರು ಬಾಯಿ ತೆರೆದರು. ಆಮೇಲೆ ನನ್ನ ಕಡೆ ನೋಡಿದರು. ನನ್ನ ಕಣ್ಣು ನೆಲದ ಮೇಲಿತ್ತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದು. ಅವರಿಗೆ ಆ ಕ್ಷಣ ಎಲ್ಲ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು.

“ನನ್ನ ಕನ್ನಡ ಸರಿ ಇಲ್ಲ ಸಾರ್” ಎಂದರು ನೋಣಯ್ಯ ಮಾಷ್ಟ್ರು. “ಭಟ್ರು ಎಷ್ಟು ತಿದ್ದಿದರೂ ಸರಿಯಾಗ್ಲಿಲ್ಲ.”

“ಕನ್ನಡವೇ ಸರಿ ಇಲ್ಲದವರನ್ನು ಕಾಯಂ ಮಾಡ್ಲಿಕ್ಕೆ ಆಗುವುದಿಲ್ಲ” ಎಂದು ಕೇಶವಪ್ರಸಾದರು ಕಿಸೆಯಲ್ಲಿದ್ದ ಆದೇಶವನ್ನು ನಾಲ್ಕು ತುಂಡು ಮಾಡಿದರು. ಬಾಗಿಲ ಹೊರಗೆ ಜತ್ತಪ್ಪನವರು ನಿಂತಿದ್ದರು. ಅವರು ಶಾಲು ಸರಿಮಾಡಿಕೊಂಡು ಹೊರಟರು. ಕೆಂಪು ಶಾಯಿಯ ಮಾತನ್ನು ನಾನು ಎತ್ತಲಿಲ್ಲ. ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಿಲ್ಲ.

ಅಂಗಳದಲ್ಲಿ ವಾರಿಜಾಕ್ಷಿ ನನ್ನನ್ನು ತಡೆದಳು. ಸಿಟ್ಟಿಲ್ಲ, ಅಳುವಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಮಾತಾಡಿದಳು.

“ಭಟ್ರೇ, ಅವರ ಕಾಗದ ನನಗೂ ಬರ್ತಿತ್ತು. ಅದರಲ್ಲಿ ಸುತ್ತುತ್ತವೆ ಅಂತಲೇ ಇತ್ತು. ತಾಟೆ ಅಂತಲೇ ಇತ್ತು. ಅವರ ಕನ್ನಡ ನನಗೆ ಒಂದು ದಿನವೂ ಅರ್ಥ ಆಗದೆ ಇರ್ಲಿಲ್ಲ.”

ಅಷ್ಟು ಹೇಳಿ ತಂದೆಯ ಹಿಂದೆ ಬಸ್ಸಿಗೆ ಹೋದಳು. ಮೂಲ ವರದಿಗಳು ನನ್ನ ಕಪಾಟಿನಲ್ಲಿದ್ದವು, ಬೀಗದ ಕೈ ನನ್ನ ಉಡಿದಾರದಲ್ಲಿತ್ತು. ಬಚ್ಚಲ ಒಲೆಗೆ ಹಾಕಿದರೆ ಕೇಳುವವರಿರಲಿಲ್ಲ.

ಮರುದಿನ ಬೆಳಿಗ್ಗೆ ಅಷ್ಟನ್ನೂ ತಂದು ಕೇಶವಪ್ರಸಾದರ ಮೇಜಿನ ಮೇಲೆ ಇಟ್ಟೆ. “ಕಪ್ಪು ಶಾಯಿ ಅವರದ್ದು ಸಾರ್. ಕೆಂಪು ನನ್ನದು” ಎಂದೆ. ಕೊಕ್ಕಡದ ಸಮರ್ಥನೆಯನ್ನೂ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರು ಓದತೊಡಗಿದ್ದರು.

ಅವರು ತುಟಿ ಅಲ್ಲಾಡಿಸುತ್ತ ಮಧ್ಯಾಹ್ನದವರೆಗೆ ಓದಿದರು. ತಾಟೆಯ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ನನ್ನನ್ನು ಹೊರಗೆ ಹಾಕುವ ಮಾತು ಬರುತ್ತದೆ ಎಂದು ನಾನು ನಿಂತೇ ಇದ್ದೆ. ಬಂದದ್ದು ಬೇರೆ ಪ್ರಶ್ನೆ.

“ಭಟ್ರೇ, ಆ ಸುತ್ತೋಲೆಯನ್ನು ಯಾರಿಗೆಲ್ಲ ಕಳಿಸಿದ್ದು?”

“ಎಲ್ಲ ಶಾಲೆಗೂ ಸಾರ್. ಮೇಲಿನವರಿಗೂ ಒಂದು ಪ್ರತಿ. ಅವರು ಮೆಚ್ಚಿ ಉತ್ತರ ಬರೆದಿದ್ದಾರೆ.”

ಕೇಶವಪ್ರಸಾದರ ಮುಖ ಬಿಳುಪಾಯಿತು. ಮೀನಿನ ಹಿಂಡನ್ನು ನೋಡಿ ಮಕ್ಕಳನ್ನು ಸುತ್ತಿಸಿದ ಅಧಿಕಾರಿ ಎಂದು ಹೆಸರಾಗುವುದು ಅವರಿಗೂ ಬೇಕಿರಲಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆದರೆ ದೇವರ ದಯೆಯಿಂದ ನವೆಂಬರ್ ಒಂದಕ್ಕೆ ರಾಜ್ಯಗಳ ಗಡಿಯೇ ಬದಲಾಗುವುದಿತ್ತು. ನಾವು ಮದ್ರಾಸಿನಿಂದ ಮೈಸೂರಿಗೆ, ದ್ವೀಪಗಳು ನೇರ ದಿಲ್ಲಿಗೆ. ಅವರು ಯೋಚಿಸಿ ಹೇಳಿದ್ದನ್ನು ನಾನು ಬರೆದುಕೊಂಡೆ: “ಬರಕುಡ ಶಾಲೆಯನ್ನು ಅದರ ಮುನ್ನೂರು ಹಾಜರಿ ಸಮೇತ ಕೇಂದ್ರ ಸರಕಾರದ ವಶಕ್ಕೆ ಬಿಟ್ಟುಕೊಡಲಾಗಿದೆ.” ದಿಲ್ಲಿಯವರು ಅದನ್ನು ಹುಡುಕಿದರೋ ಇಲ್ಲವೋ ನನಗೆ ತಿಳಿಯದು.

“ನೋಣಯ್ಯನವರ ಕಾಯಂ ಆದೇಶ ಇನ್ನೊಮ್ಮೆ ಬರೆಯಿರಿ. ಇಪ್ಪತ್ತನಾಲ್ಕು ವರದಿಯೂ ಬಂದಿದೆ” ಎಂದು ಅವರು ಕೊನೆಗೆ ಹೇಳಿದರು. ನನಗೆ ಶಿಕ್ಷೆ ಎಂದರೆ ಸುತ್ತೋಲೆಯ ರದ್ದತಿಯನ್ನು ಪ್ರತಿ ಶಾಲೆಗೂ ಬೇರೆ ಬೇರೆಯಾಗಿ ಕೈಯಲ್ಲಿ ಬರೆಯುವುದು.

ನಾಲ್ಕನೆಯ ದಿನ ಮಾಷ್ಟ್ರು ಕಚೇರಿಗೆ ಬಂದರು. ಜತ್ತಪ್ಪನವರೂ ಜೊತೆಗೆ ಬಂದು ಜಗಲಿಯಲ್ಲಿ ಕೂತರು, ಕಾಗದ ಕಣ್ಣಾರೆ ಕಾಣದೆ ಧಾರೆಯ ದಿನ ಗೊತ್ತುಮಾಡುವುದಿಲ್ಲ ಎಂದು. ನಾನು ನನ್ನ ಅತ್ಯುತ್ತಮ ಕನ್ನಡದಲ್ಲಿ ಬರೆದ ಆದೇಶವನ್ನು ಮಾಷ್ಟ್ರ ಮುಂದಿಟ್ಟು, ಸಹಿ ಮಾಡುವ ಜಾಗ ತೋರಿಸಿದೆ. ಅವರು ಓದಿದರು. ಪೆನ್ನು ಕೆಳಗಿಟ್ಟರು.

“ಇದಕ್ಕೆ ನಾನು ಸಹಿ ಹಾಕ್ಲಿಕ್ಕಿಲ್ಲ ಭಟ್ರೇ.”

ನನಗೆ ನಿಜಕ್ಕೂ ರೇಗಿತು. “ಇನ್ನು ಎಂತ ಮಾರಾಯ್ರೇ?”

“ಬರಕುಡ ಶಾಲೆಯಲ್ಲಿ ಎರಡು ವರ್ಷ ಕಲಿಸಿದ ನೋಣಯ್ಯ ಅಂತ ಬರೆದಿದ್ದೀರಿ. ನಾನು ಅಲ್ಲಿ ಕಲಿಸ್ಲಿಲ್ಲ. ಕಲಿತದ್ದು.”

ಹೊರಗೆ ಜತ್ತಪ್ಪನವರು ಕೆಮ್ಮಿದರು. ನಾನು ದನಿ ತಗ್ಗಿಸಿ, ನಾಲ್ಕು ದಿನದಿಂದ ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿದೆ. “ಹಾಗಾದ್ರೆ ಮೂಡಬಿದ್ರೆಯಲ್ಲಿ, ನಿಮ್ಮ ಕನ್ನಡ ಸರಿ ಇಲ್ಲ ಅಂದದ್ದು? ಅದು ಸುಳ್ಳಲ್ವ?”

“ಅದು ಸುಳ್ಳೇ” ಎಂದು ಅವರು ಒಪ್ಪಿದರು. “ನಿಮ್ಮನ್ನು ನೋಡಿದೆ. ತಾಟೆ ಬಂದ ಹಾಗೆ ನಿಂತಿದ್ರಿ. ಪಕ್ಕದಲ್ಲಿ ಇದ್ದವ ನಾನೇ ಅಲ್ವ.”

ಕಣ್ಣು ತುಂಬಿತು, ಅದನ್ನೂ ಬರೆದುಬಿಡುತ್ತೇನೆ. ಕೆಂಪು ಶಾಯಿಯ ಪೆನ್ನನ್ನು ಎತ್ತಿ ಅವರ ಕೈಗೆ ಕೊಟ್ಟೆ. ನನ್ನ ಕನ್ನಡವನ್ನು ಯಾರಾದರೂ ತಿದ್ದಿದ್ದು ಅದೇ ಮೊದಲು. ಅವರು ಒಂದು ಶಬ್ದ ಹೊಡೆದು, ಮೇಲೆ ದುಂಡಗೆ ಇನ್ನೊಂದು ಬರೆದು, ಕೆಳಗೆ ಸಹಿ ಹಾಕಿದರು. ಕೇಶವಪ್ರಸಾದರು ಎಂದಿನಂತೆ ಓದದೆ ರುಜು ಮಾಡಿದರು. ಜತ್ತಪ್ಪನವರು ಮೊಹರನ್ನು ಮಾತ್ರ ನೋಡಿ ತಲೆಯಾಡಿಸಿದರು. ಮುಂದಿನ ತಿಂಗಳು ಧಾರೆ ಆಯಿತು.

ಅವರ ಸೇವಾ ಪುಸ್ತಕದಲ್ಲಿ ಆ ಆದೇಶ ಈಗಲೂ ಉಂಟು: “ಬರಕುಡ ಶಾಲೆಯಲ್ಲಿ ಎರಡು ವರ್ಷ ಕಲಿತ ನೋಣಯ್ಯ ಇವರನ್ನು ಕಾಯಂ ಮಾಡಲಾಗಿದೆ.” ನನ್ನ ಕೈಯಿಂದ ಹೊರಟ ಸರಕಾರಿ ಕಾಗದಗಳಲ್ಲಿ ಒಂದಕ್ಷರವೂ ಸುಳ್ಳಿಲ್ಲದ್ದು ಅದೊಂದೇ.